ಮಳೆ ಪುಸ್ತಕದಲ್ಲಿ ನಿದ್ರೆಯ ಲೆಕ್ಕ: ನಿದ್ರಾಹೀನತೆಯಿಂದ ಹೊರಬರುವ ಕ್ರಮ

ಕೊಡಗಿನ ಅನೇಕ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಪುಸ್ತಕವೊಂದು ಇರುತ್ತದೆ. ಅಂಗಳದಲ್ಲಿ ನೆಟ್ಟ ಮಳೆಮಾಪಕದ ನೀರನ್ನು ಬೆಳಿಗ್ಗೆ ಒಂದು ಸಲ ಅಳೆದು, ಇಂಚು ಮತ್ತು ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ) ಆ ದಿನದ ಸಾಲಿನಲ್ಲಿ ಬರೆದಿಡುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ. ಎಂಥ ಮಳೆ ಸುರಿದರೂ ನಡುರಾತ್ರಿ ಟಾರ್ಚ್ ಹಿಡಿದು ಹೋಗಿ ಮಾಪಕ ಎಷ್ಟು ತುಂಬಿದೆ ಎಂದು ಯಾರೂ ನೋಡುವುದಿಲ್ಲ. ನಿದ್ರೆಯ ವಿಷಯದಲ್ಲಿ ಮಾತ್ರ ನಾನು ಮೂರು ವರ್ಷ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡೆ.

2018ರ ಆಗಸ್ಟ್ ತಿಂಗಳ ನಡುಭಾಗದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟಗಳೇ ಜರಿದು ಬಂದಾಗ ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಆ ವಾರವಿಡೀ ಉಟ್ಟ ಬಟ್ಟೆಯಲ್ಲೇ, ಬಾಗಿಲ ಬಳಿ ಚೀಲ ಇಟ್ಟುಕೊಂಡು, ಸರದಿಯ ಮೇಲೆ ಎಚ್ಚರವಿದ್ದೆವು. ಮಳೆಗಾಲ ಮುಗಿಯಿತು, ಸುಗ್ಗಿಯ ಹುತ್ತರಿ ಹಬ್ಬ ಬಂದು ಹೋಯಿತು, ಕಾಫಿ ಕೊಯ್ಲೂ ಮುಗಿಯಿತು. ನನ್ನ ಎಚ್ಚರ ಮಾತ್ರ ಮುಗಿಯಲಿಲ್ಲ. ರಾತ್ರಿ ಒಂದೂವರೆಗೋ ಎರಡಕ್ಕೋ ಕಣ್ಣು ಬಿಡುವುದು, ಗಡಿಯಾರ ನೋಡುವುದು, ಬೆಳಗಾಗಲು ಇನ್ನೆಷ್ಟು ಗಂಟೆ ಎಂದು ಎಣಿಸುವುದು, ಎಣಿಸಿ ಹೆದರುವುದು ನಿತ್ಯದ ಕೆಲಸವಾಯಿತು. ಕಳೆದುಹೋದ ನಿದ್ರೆಯನ್ನು ತುಂಬಿಕೊಳ್ಳಬೇಕೆಂದು ಒಂಬತ್ತು ಗಂಟೆಗೇ ಮಲಗತೊಡಗಿದೆ. ಅದೇ ದೊಡ್ಡ ತಪ್ಪು ಎಂದು ತಿಳಿದದ್ದು ಬಹಳ ತಡವಾಗಿ. ನಿದ್ರೆ ಬಾರದವರು ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಹೆಚ್ಚಿಸಬಾರದು, ಕಡಿಮೆ ಮಾಡಬೇಕು. ಈ ಬರಹದಲ್ಲಿ ವಿವರಿಸುವ ಕ್ರಮವೆಲ್ಲ ಈ ಒಂದು ಮಾತಿನ ಸುತ್ತ ನಿಂತಿದೆ.

ಒಂದೆರಡು ರಾತ್ರಿ ನಿದ್ರೆ ಕೆಡುವುದು ಎಲ್ಲರಿಗೂ ಇದ್ದದ್ದೇ. ಮಲಗಲು ಬೇಕಾದಷ್ಟು ಅವಕಾಶವಿದ್ದೂ ವಾರದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ರಾತ್ರಿ ನಿದ್ರೆ ಹತ್ತದೆ ಹೋದರೆ ಅಥವಾ ನಡುವೆ ಮುರಿದರೆ, ಅದರಿಂದ ಹಗಲಿನ ಕೆಲಸ ಕೆಟ್ಟರೆ, ಈ ಸ್ಥಿತಿ ಮೂರು ತಿಂಗಳು ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಕರೆಯುತ್ತಾರೆ. ಅದಕ್ಕೆ ಮಾತ್ರೆಯೇ ಮೊದಲ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ದೀರ್ಘಕಾಲದ ನಿದ್ರಾಹೀನತೆ ಇರುವ ಎಲ್ಲ ವಯಸ್ಕರಿಗೂ ಮೊದಲು ಕೊಡಬೇಕಾದದ್ದು ಸಿಬಿಟಿ-ಐ ಎಂಬ ಚಿಕಿತ್ಸೆ ಎಂದು ಹೇಳಿದೆ. ನಿದ್ರೆಯ ಬಗೆಗಿನ ನಮ್ಮ ಯೋಚನೆಗಳನ್ನೂ ಮಲಗುವ ಅಭ್ಯಾಸಗಳನ್ನೂ ತಿದ್ದುವ ಈ ಚಿಕಿತ್ಸೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಮುಂದೆ ಹೇಳುವ ಕ್ರಮಗಳಲ್ಲಿ ಹೆಚ್ಚಿನವು ಅದರ ಭಾಗಗಳೇ.

ನಿದ್ರೆ ಏಕೆ ಬರುತ್ತದೆ, ಏಕೆ ಬರುವುದಿಲ್ಲ

ನಿದ್ರೆಯನ್ನು ಎರಡು ಶಕ್ತಿಗಳು ಸೇರಿ ತರುತ್ತವೆ. ಮೊದಲನೆಯದನ್ನು ನಿದ್ರೆಯ ಹಸಿವು ಎನ್ನಬಹುದು. ನಾವು ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗಿ, ಅದು ಹೆಚ್ಚಿದಂತೆಲ್ಲ ಕಣ್ಣು ಎಳೆಯುತ್ತದೆ; ನಿದ್ರಿಸಿದಾಗ ಅದು ಕರಗುತ್ತದೆ. ಮಧ್ಯಾಹ್ನ ಊಟದ ನಂತರ ಎರಡು ಗಂಟೆ ಮಲಗಿದವರಿಗೆ ರಾತ್ರಿ ನಿದ್ರೆ ಬಾರದಿರುವುದು, ಸಂಜೆ ಹೊಟ್ಟೆ ತುಂಬ ತಿಂಡಿ ತಿಂದವರಿಗೆ ರಾತ್ರಿಯ ಊಟ ಸೇರದಿರುವಷ್ಟೇ ಸಹಜ. ಎರಡನೆಯದು ದೇಹದ ಗಡಿಯಾರ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ ಸಣ್ಣ ಜೀವಕೋಶಗಳ ಗುಂಪೊಂದು, ಕಣ್ಣಿಗೆ ಬೀಳುವ ಬೆಳಕನ್ನು ಆಧರಿಸಿ, ಇಡೀ ದೇಹಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುತ್ತಿರುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ನಿದ್ರೆಯ ಹಸಿವು ಹೆಚ್ಚಿರುವ ಹೊತ್ತೂ ಗಡಿಯಾರ ರಾತ್ರಿಯೆಂದು ತೋರಿಸುವ ಹೊತ್ತೂ ಒಂದಾದಾಗ ಯಾವ ಪ್ರಯತ್ನವೂ ಇಲ್ಲದೆ ನಿದ್ರೆ ಬರುತ್ತದೆ.

ಹಾಗಾದರೆ ಅದು ತಿಂಗಳುಗಟ್ಟಲೆ ಬಾರದೇ ಹೋಗುವುದು ಹೇಗೆ? ಆರ್ಥರ್ ಸ್ಪೀಲ್‌ಮನ್ ಎಂಬ ಮನಃಶಾಸ್ತ್ರಜ್ಞರು ಕೊಟ್ಟ ವಿವರಣೆ ನನ್ನ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಲವರದು ಹುಟ್ಟಿನಿಂದಲೇ ಬೇಗ ಎಚ್ಚರವಾಗುವ ಸ್ವಭಾವ. ಅದರ ಮೇಲೆ ಒಂದು ಆಘಾತ ಬಂದು ನಿದ್ರೆಯನ್ನು ಕೆಡಿಸುತ್ತದೆ. ಆಘಾತ ದೂರವಾದ ಮೇಲೂ ನಿದ್ರಾಹೀನತೆಯನ್ನು ಸಾಕಿಕೊಂಡು ಬರುವುದು ನಾವೇ ಕಲಿತುಕೊಂಡ ಅಭ್ಯಾಸಗಳು. ಬೇಗ ಮಲಗುವುದು, ತಡವಾಗಿ ಏಳುವುದು, ಹಗಲಿನಲ್ಲಿ ಒರಗುವುದು, ಹಾಸಿಗೆಯಲ್ಲಿ ಬಿದ್ದುಕೊಂಡು ಹೊರಳುವುದು ಇವೆಲ್ಲ ಆ ಕ್ಷಣಕ್ಕೆ ಉಪಾಯದಂತೆ ಕಂಡರೂ ನಿದ್ರೆಯ ಹಸಿವನ್ನು ಚೂರುಚೂರಾಗಿ ತಿಂದುಹಾಕುತ್ತವೆ. ಮೂಲ ಕಾರಣವನ್ನು ಹುಡುಕುತ್ತಾ ಕೂರುವುದಕ್ಕಿಂತ ಈ ಅಭ್ಯಾಸಗಳನ್ನು ಕೀಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎರಡು ವಾರ ಬರೆಯಿರಿ

ಯಾವ ಬದಲಾವಣೆಯನ್ನೂ ಮಾಡದೆ, ಮೊದಲ ಎರಡು ವಾರ ನಿಮ್ಮ ನಿದ್ರೆಯನ್ನು ಬರೆದಿಡಿ. ನಾನು ಮಳೆ ಪುಸ್ತಕದ ಬಲಭಾಗದಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿಕೊಂಡೆ: ಹಾಸಿಗೆಗೆ ಹೋದ ಹೊತ್ತು, ಸುಮಾರಾಗಿ ನಿದ್ರೆ ಹತ್ತಿದ ಹೊತ್ತು, ನಡುವೆ ಎಚ್ಚರವಿದ್ದ ಒಟ್ಟು ಹೊತ್ತು, ಎದ್ದುಬಂದ ಹೊತ್ತು. ಇದನ್ನು ಬೆಳಿಗ್ಗೆ ಮಾತ್ರ, ಅಂದಾಜಿನಿಂದ ಬರೆಯಬೇಕು; ಕರಾರುವಾಕ್ಕಾಗಿರಲೆಂದು ರಾತ್ರಿ ಗಡಿಯಾರ ನೋಡಬಾರದು. ಮಲಗುವ ಕೋಣೆಯ ಗಡಿಯಾರವನ್ನು ಅಂದೇ ಗೋಡೆಯಿಂದ ಇಳಿಸಿಬಿಡಿ, ಇಲ್ಲವೇ ಬೇರೆ ಕೋಣೆಗೆ ಸಾಗಿಸಿ. ಏಳಲು ಅಲಾರಂ ಬೇಕಿದ್ದರೆ ಅದು ಕಿವಿಗೆ ಕೇಳಿಸಿದರೆ ಸಾಕು, ಕಣ್ಣಿಗೆ ಕಾಣಬೇಕಾಗಿಲ್ಲ. ರಾತ್ರಿ ಗಂಟೆ ಎಷ್ಟೆಂದು ತಿಳಿಯದಿರುವುದು ಮೊದಮೊದಲು ಹಿಂಸೆಯೆನಿಸುತ್ತದೆ, ನಾಲ್ಕೈದು ದಿನಗಳಲ್ಲಿ ಅದೇ ದೊಡ್ಡ ನೆಮ್ಮದಿಯಾಗುತ್ತದೆ.

ಎರಡು ವಾರದ ನಂತರ ಕೂಡಿ ಭಾಗಿಸಿ. ನನ್ನ ಲೆಕ್ಕ ಹೀಗಿತ್ತು: ರಾತ್ರಿ 9.15ಕ್ಕೆ ಮಲಗಿ ಬೆಳಿಗ್ಗೆ 6.45ಕ್ಕೆ ಏಳುತ್ತಿದ್ದೆ, ಅಂದರೆ ಹಾಸಿಗೆಯಲ್ಲಿ ಒಂಬತ್ತೂವರೆ ಗಂಟೆ. ನಿಜವಾಗಿ ನಿದ್ರಿಸಿದ್ದು ಸರಾಸರಿ ಐದೂಮುಕ್ಕಾಲು ಗಂಟೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಶೇಕಡಾ ಎಷ್ಟು ಭಾಗ ನಿದ್ರೆಯಾಯಿತು ಎಂಬುದನ್ನು ನಿದ್ರೆಯ ದಕ್ಷತೆ ಎನ್ನುತ್ತಾರೆ, ನನ್ನದು ಶೇ. 60ರ ಆಸುಪಾಸಿನಲ್ಲಿತ್ತು. ಶೇ. 85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿದೆ ಎಂದು ಲೆಕ್ಕ. ನಾನು ದಿನಕ್ಕೆ ಸುಮಾರು ನಾಲ್ಕು ಗಂಟೆ ಕಾಲ ಹಾಸಿಗೆಯಲ್ಲಿ ಎಚ್ಚರವಾಗಿ ಬಿದ್ದುಕೊಂಡು, ಹಾಸಿಗೆಯೆಂದರೆ ಚಿಂತಿಸುವ ಜಾಗ ಎಂದು ನನ್ನ ಮಿದುಳಿಗೆ ಪಾಠ ಹೇಳಿಕೊಡುತ್ತಿದ್ದೆ. ಅಂಕಿ ಬರೆದು ನೋಡುವವರೆಗೆ ಇದು ನನ್ನ ಗಮನಕ್ಕೆ ಬಂದೇ ಇರಲಿಲ್ಲ.

ಹಾಸಿಗೆಯ ಹೊತ್ತನ್ನು ಕಿರಿದು ಮಾಡುವುದು

ಸ್ಪೀಲ್‌ಮನ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಕ್ರಮದ ಈಗಿನ ರೂಪ ಇದು. ಸರಾಸರಿ ಎಷ್ಟು ಗಂಟೆ ನಿದ್ರೆ ಬರುತ್ತಿದೆಯೋ ಹೆಚ್ಚುಕಡಿಮೆ ಅಷ್ಟೇ ಹೊತ್ತನ್ನು ಹಾಸಿಗೆಗೆ ಕೊಡಬೇಕು. ಸರಾಸರಿ ಎಷ್ಟೇ ಕಡಿಮೆಯಿದ್ದರೂ ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೊದಲು ಏಳುವ ಹೊತ್ತನ್ನು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಮಲಗುವ ಹೊತ್ತನ್ನು ನಿರ್ಧರಿಸಬೇಕು. ನನಗೆ ಬೆಳಿಗ್ಗೆ ಏಳುವ ಹೊತ್ತು 5.30, ಹಾಸಿಗೆಗೆ ಕೊಟ್ಟದ್ದು ಆರು ಗಂಟೆ, ಆದ್ದರಿಂದ ಮಲಗುವ ಹೊತ್ತು 11.30. ರಾತ್ರಿ ಹೇಗೇ ಕಳೆದಿರಲಿ, ಭಾನುವಾರವಿರಲಿ, ಮದುವೆ ಮನೆಯಿಂದ ತಡವಾಗಿ ಬಂದಿರಲಿ, ಏಳುವ ಹೊತ್ತು ಬದಲಾಗಬಾರದು. ಇಡೀ ಕ್ರಮದಲ್ಲಿ ಒಂದೇ ಒಂದನ್ನು ಪಾಲಿಸಲು ಸಾಧ್ಯವಿದ್ದರೆ ಇದನ್ನು ಪಾಲಿಸಿ ಎನ್ನುತ್ತೇನೆ.

ಮೊದಲ ವಾರ ಬಹಳ ಕಷ್ಟ. ನಮ್ಮ ಊರಿನಲ್ಲಿ ಮಳೆಗಾಲದ ರಾತ್ರಿ ಎಂಟಕ್ಕೆಲ್ಲ ಊಟ ಮುಗಿದು, ಒಂಬತ್ತಕ್ಕೆ ಮನೆಮನೆಯ ದೀಪ ಆರಿರುತ್ತದೆ. ಹನ್ನೊಂದೂವರೆಯವರೆಗೆ ಎಚ್ಚರವಿರುವುದೆಂದರೆ ಕಂಬಳಿ ಹೊದ್ದು ಕುರ್ಚಿಯಲ್ಲಿ ತೂಕಡಿಸುವುದೇ. ಎಂಟು ದಿನ ನನ್ನ ಹೆಂಡತಿ ನನ್ನೊಂದಿಗೆ ಕೂತು, ಕಣ್ಣು ಮುಚ್ಚಿದಾಗಲೆಲ್ಲ "ಇನ್ನೂ ಹತ್ತೂ ಆಗಿಲ್ಲ, ಏಳಿ, ಒಂದು ಸುತ್ತು ನಡೆದು ಬನ್ನಿ" ಎಂದು ಎಬ್ಬಿಸುತ್ತಿದ್ದಳು. ಮನೆಯವರ ಇಂಥ ಸಹಾಯವಿಲ್ಲದೆ ಈ ಹಂತವನ್ನು ದಾಟುವುದು ಕಷ್ಟ, ಆದ್ದರಿಂದ ಮೊದಲೇ ಅವರಿಗೆ ಎಲ್ಲವನ್ನೂ ವಿವರಿಸಿ ಹೇಳಿರಬೇಕು. ಆ ವಾರದ ಕೊನೆಯಲ್ಲಿ ಆರು ಗಂಟೆಯ ಪೈಕಿ ಐದು ಗಂಟೆ ಇಪ್ಪತ್ತು ನಿಮಿಷ ನಿದ್ರೆಯಾಗಿತ್ತು; ದಕ್ಷತೆ ಶೇ. 89. ಒಟ್ಟು ನಿದ್ರೆ ಹಿಂದಿಗಿಂತ ಸ್ವಲ್ಪ ಕಡಿಮೆಯಾಗಿದ್ದರೂ ಅದು ಒಂದೇ ತುಂಡಾಗಿ ಬಂದಿತ್ತು, ಮೂರು ವರ್ಷಗಳಲ್ಲಿ ಮೊದಲ ಸಲ.

ವಾರದ ದಕ್ಷತೆ ಶೇ. 85 ದಾಟಿದರೆ ಮುಂದಿನ ವಾರ ಮಲಗುವ ಹೊತ್ತನ್ನು ಹದಿನೈದು ನಿಮಿಷ ಮುಂಚಿತಗೊಳಿಸಬೇಕು. ಶೇ. 80ರಿಂದ 85ರ ನಡುವೆ ಇದ್ದರೆ ಇದ್ದಂತೆ ಬಿಡಬೇಕು, 80ಕ್ಕಿಂತ ಕೆಳಗಿದ್ದರೆ ಹಾಸಿಗೆಯ ಹೊತ್ತನ್ನು ಹದಿನೈದು ನಿಮಿಷ ಕಡಿಮೆ ಮಾಡಬೇಕು. ಹೀಗೆ ಕಾಲು ಕಾಲು ಗಂಟೆ ಸೇರಿಸುತ್ತಾ, ನಡುವೆ ಎರಡು ವಾರ ನಿಂತಲ್ಲೇ ನಿಂತು, ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ ನಾನು ರಾತ್ರಿ ಹತ್ತರಿಂದ ಐದೂವರೆಯವರೆಗಿನ ಹೊತ್ತಿಗೆ ಬಂದು ನಿಂತೆ. ಅದರಲ್ಲಿ ಆರೂಮುಕ್ಕಾಲು ಗಂಟೆ ನಿದ್ರೆ ಬರುತ್ತದೆ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಒಳ್ಳೆಯದೆಂಬುದು ತಜ್ಞರ ಸಾಮಾನ್ಯ ಸಲಹೆಯಾದರೂ ಅಗತ್ಯ ಒಬ್ಬೊಬ್ಬರಿಗೆ ಒಂದೊಂದು ರೀತಿ. ಹಗಲು ತೂಕಡಿಕೆಯಿಲ್ಲದೆ ಕೆಲಸ ಸಾಗುತ್ತಿದ್ದರೆ ಎಂಟು ಗಂಟೆ ಆಗಲಿಲ್ಲವೆಂದು ಕೊರಗಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮೊದಲ ಎರಡು ಮೂರು ವಾರ ಹಗಲಿನಲ್ಲಿ ನಿದ್ರೆ ಎಳೆಯುತ್ತದೆ. ಆ ದಿನಗಳಲ್ಲಿ ಮರಗಸಿಗೆ (ನೆರಳಿನ ಮರಗಳ ಕೊಂಬೆ ಕಡಿಯಲು) ಮರ ಹತ್ತುವುದು, ಏಣಿ ಏರಿ ಕರಿಮೆಣಸು ಕೊಯ್ಯುವುದು, ಕಳೆ ಕೊಚ್ಚುವ ಯಂತ್ರ ಹಿಡಿಯುವುದು, ಘಾಟಿಯ ತಿರುವುಗಳಲ್ಲಿ ದೂರದ ಪ್ರಯಾಣಕ್ಕೆ ವಾಹನ ಓಡಿಸುವುದು ಬೇಡ. ಕೊಯ್ಲಿನ ಗಡಿಬಿಡಿಯಲ್ಲಿ ಈ ಕ್ರಮವನ್ನು ಆರಂಭಿಸಬೇಡಿ. ಅಪಸ್ಮಾರ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ಗರ್ಭಿಣಿಯರು, ನಿದ್ರೆಯಲ್ಲಿ ಉಸಿರು ಕಟ್ಟುವವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಹಾಸಿಗೆಯ ಹೊತ್ತನ್ನು ಹೀಗೆ ಕಡಿಮೆ ಮಾಡಲೇಬಾರದು.

ಎಚ್ಚರವಾದರೆ ಎದ್ದು ಬನ್ನಿ

ಇನ್ನೊಂದು ಮುಖ್ಯ ಕ್ರಮವನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಃಶಾಸ್ತ್ರಜ್ಞರು 1972ರಲ್ಲಿ ಮುಂದಿಟ್ಟರು. ಹಾಸಿಗೆ ಇರುವುದು ನಿದ್ರೆಗೆ ಮತ್ತು ದಾಂಪತ್ಯಕ್ಕೆ ಮಾತ್ರ. ಓದುವುದು, ಮೊಬೈಲ್ ನೋಡುವುದು, ನಾಳೆಯ ಕೂಲಿಯಾಳುಗಳ ಲೆಕ್ಕ ಹಾಕುವುದು ಅಲ್ಲಿ ಸಲ್ಲದು. ಆಯಾಸ ಬೇರೆ, ನಿದ್ರೆ ಬೇರೆ; ಕಣ್ಣು ನಿಜವಾಗಿ ಎಳೆಯುವವರೆಗೆ ಹಾಸಿಗೆಗೆ ಹೋಗಬಾರದು. ಮಲಗಿ ಸುಮಾರು ಇಪ್ಪತ್ತು ನಿಮಿಷವಾಯಿತು ಎನಿಸಿದರೂ ನಿದ್ರೆ ಬಾರದಿದ್ದರೆ, ಅಥವಾ ನಡುರಾತ್ರಿ ಎಚ್ಚರವಾಗಿ ಮನಸ್ಸು ಓಡತೊಡಗಿದರೆ, ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮರಳಿ ಬರಬೇಕು. ಒಂದು ರಾತ್ರಿಯಲ್ಲಿ ಐದು ಸಲ ಎದ್ದರೂ ಚಿಂತೆಯಿಲ್ಲ.

ಜುಲೈ ತಿಂಗಳ ಚಳಿಯಲ್ಲಿ ಬೆಚ್ಚಗಿನ ಹೊದಿಕೆಯನ್ನು ಬಿಟ್ಟು ಎದ್ದು ಬನ್ನಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ಸಂಜೆಯೇ ಸಿದ್ಧತೆ ಮಾಡಿಟ್ಟುಕೊಳ್ಳಬೇಕು. ನಮ್ಮ ನಡುಮನೆಯ ಮೂಲೆಯ ಬೆತ್ತದ ಕುರ್ಚಿಯ ಮೇಲೆ ಒಂದು ಕಂಬಳಿ, ಉಲ್ಲನ್ ಕಾಲುಚೀಲ, ಪಕ್ಕದಲ್ಲಿ ಕಡಿಮೆ ಬೆಳಕಿನ ಹಳದಿ ದೀಪ, ಎದುರಿಗೆ ಮೊರದಲ್ಲಿ ಎರಡು ಹಿಡಿ ಒಣಗಿದ ಕರಿಮೆಣಸು. ಮೆಣಸಿನಲ್ಲಿ ಉಳಿದ ತೊಟ್ಟುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಆರಿಸಿ ಬದಿಗೆ ಸರಿಸುವುದು ನನ್ನ ರಾತ್ರಿಯ ಕೆಲಸವಾಗಿತ್ತು. ಕೈಗೆ ಕೆಲಸವಿದ್ದು ಮನಸ್ಸಿಗೆ ಉದ್ವೇಗವಿಲ್ಲದ ಏನಾದರೂ ಸರಿ: ಉಲ್ಲನ್ ಹೆಣೆಯುವುದು, ಹಿಂದೆ ಓದಿದ ಪುಸ್ತಕವನ್ನೇ ಮತ್ತೆ ಓದುವುದು, ಜಪಮಾಲೆ ತಿರುಗಿಸುವುದು. ಟಿವಿ ಮತ್ತು ಮೊಬೈಲ್ ಮಾತ್ರ ಬೇಡ, ಅವುಗಳ ಬೆಳಕಿಗಿಂತಲೂ ಅವುಗಳಲ್ಲಿ ಬರುವ ಸುದ್ದಿ ಮನಸ್ಸನ್ನು ಎಬ್ಬಿಸುತ್ತದೆ.

ಬೆಳಕು, ಕಾಫಿ, ಊಟ, ಬಿಸಿ

ದೇಹದ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಎದ್ದ ಒಂದು ಗಂಟೆಯೊಳಗೆ ಅರ್ಧ ಗಂಟೆ ಹೊರಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ಕಾಣದ ನಮ್ಮ ಜಿಲ್ಲೆಯಲ್ಲಿ ಇದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ದೀಪ ಹಚ್ಚಿದ ಕೋಣೆಯೊಳಗೆ ಸಾಮಾನ್ಯವಾಗಿ ಇರುವುದು ಕೆಲವು ನೂರು ಲಕ್ಸ್ ಬೆಳಕು. ಮೋಡ ಕವಿದ ದಿನವೂ ಹೊರಗೆ ಸಾವಿರಕ್ಕೂ ಹೆಚ್ಚು ಲಕ್ಸ್ ಇರುತ್ತದೆ. ಕಣ್ಣಿಗೆ ಈ ವ್ಯತ್ಯಾಸ ದೊಡ್ಡದಾಗಿ ಕಾಣದಿದ್ದರೂ ಗಡಿಯಾರಕ್ಕೆ ಅದು ತಿಳಿಯುತ್ತದೆ. ದಟ್ಟ ನೆರಳಿನ ತೋಟದೊಳಗಿಂತ ಅಂಗಳದಲ್ಲಿ, ಗದ್ದೆಯ ಬದಿಯಲ್ಲಿ ಅಥವಾ ಕಾಫಿ ಒಣಗಿಸುವ ಕಣದಲ್ಲಿ ಕೊಡೆ ಹಿಡಿದು ನಡೆಯುವುದು ಮೇಲು.

ಕಾಫಿಯ ವಿಷಯದಲ್ಲಿ ನಮ್ಮವರಿಗೆ ಬುದ್ಧಿ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ನಿದ್ರೆಯ ಹಸಿವನ್ನು ತಿಳಿಸುವ ಅಡೆನೊಸಿನ್ ಮಿದುಳಿನಲ್ಲಿ ಕೂರಬೇಕಾದ ಜಾಗದಲ್ಲಿ ಕಾಫಿಯ ಕೆಫೀನ್ ಹೋಗಿ ಕೂರುತ್ತದೆ. ಹಸಿವು ಅಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ತಲುಪುವುದಿಲ್ಲ. ಕುಡಿದ ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಹೊತ್ತು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ, ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಮನೆಯ ತೋಟದ ರೊಬಸ್ಟಾವನ್ನೇ ಹುರಿದು ಪುಡಿ ಮಾಡಿಸಿ, ದಿನಕ್ಕೆ ಐದಾರು ಸಲ ಬೆಲ್ಲದ ಕಾಫಿ ಕುಡಿಯುವವರು, ಅದೂ ಊಟವಾದ ಮೇಲೆ ಒಂದು ಲೋಟ ಕುಡಿಯುವವರು, ಬೇರೆ ಯಾವ ಕಾರಣವನ್ನು ಹುಡುಕುವ ಮೊದಲು ಇದನ್ನು ನೋಡಿಕೊಳ್ಳಬೇಕು. ಮಧ್ಯಾಹ್ನ ಹನ್ನೆರಡರ ನಂತರ ಕಾಫಿ ಬೇಡ. ಚಹಾದಲ್ಲೂ ಕೆಫೀನ್ ಇದೆ. ಮಳೆಯ ಸಂಜೆಯಲ್ಲಿ ಕೈಗೆ ಬಿಸಿ ಲೋಟ ಬೇಕೆನಿಸುವುದು ಸಹಜವಾದ್ದರಿಂದ ನಾನು ಶುಂಠಿ, ಮೆಣಸು, ಬೆಲ್ಲದ ಕಷಾಯಕ್ಕೆ ಬದಲಾಯಿಸಿಕೊಂಡೆ. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರುವುದರಿಂದ, ದಿನಕ್ಕೆ ಒಂದು ಲೋಟದಂತೆ ಕಡಿಮೆ ಮಾಡುತ್ತಾ ಬನ್ನಿ.

ಮದ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದು ಬೇಗ ನಿದ್ರೆ ಬರಿಸುತ್ತದೆ ಎಂಬುದು ನಿಜ. ಆದರೆ ದೇಹ ಅದನ್ನು ಕರಗಿಸಿಕೊಂಡಂತೆ ರಾತ್ರಿಯ ಎರಡನೆಯ ಅರ್ಧ ತುಂಡುತುಂಡಾಗುತ್ತದೆ, ಗೊರಕೆ ಹೆಚ್ಚುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ. ಮನೆಯಲ್ಲಿ ಮಾಡಿದ ವೈನ್ ಆದರೂ ಇದೇ ಮಾತು. ಕೂಟಗಳಲ್ಲಿ ಹಂದಿ ಮಾಂಸದ ಊಟವನ್ನು ರಾತ್ರಿ ಹತ್ತೂವರೆಗೆ ಮಾಡಿ ಹನ್ನೊಂದಕ್ಕೆ ಮಲಗಿದರೆ ಎದೆಯುರಿಯಿಂದ ನಿದ್ರೆ ಕೆಡದೇ ಇರುವುದಿಲ್ಲ. ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆಯ ಅಂತರ ಬೇಕು. ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯುವ ಮನೆಮದ್ದು ಒಂದು ಚಿಟಿಕೆಯ ಮಟ್ಟಿಗಿರಲಿ. ಜಾಯಿಕಾಯಿ ಚಮಚಗಟ್ಟಲೆ ಹೊಟ್ಟೆಗೆ ಹೋದರೆ ವಿಷವಾಗಿ ಎದೆಬಡಿತ, ಭ್ರಮೆ ತರುತ್ತದೆ.

ಮಲಗುವ ಒಂದೆರಡು ಗಂಟೆ ಮೊದಲು ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡುವುದು ನಿಜವಾಗಿ ಉಪಯುಕ್ತ. ಬಿಸಿನೀರಿಗೆ ಕೈಕಾಲುಗಳ ರಕ್ತನಾಳಗಳು ಹಿಗ್ಗಿ, ಆಮೇಲೆ ದೇಹದೊಳಗಿನ ಶಾಖ ಹೊರಗೆ ಹೋಗುತ್ತದೆ. ಹೀಗೆ ಒಳಶಾಖ ಇಳಿಯುವುದೇ ನಿದ್ರೆಗೆ ಸೂಚನೆ. ಕೋಣೆ ತಂಪಾಗಿರಲಿ, ಹೊದಿಕೆ ಬೆಚ್ಚಗಿರಲಿ, ಕಾಲಿಗೆ ಕಾಲುಚೀಲವಿರಲಿ. ಆದರೆ ಕೋಣೆಯನ್ನು ಬೆಚ್ಚಗಿಡಲೆಂದು ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡದ ಬಾಣಲೆ ಇಟ್ಟು ಮಲಗುವುದನ್ನು ಯಾರೂ ಮಾಡಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದಂತೆ ಮಾಡುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರಿಗೂ ಇದನ್ನು ತಪ್ಪದೆ ತಿಳಿಸಿ.

ಮಳೆಯ ರಾತ್ರಿಯ ಭಯ

2018ರ ನಂತರ 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಬೆಟ್ಟ ಕುಸಿದು ಜೀವಗಳು ಹೋದವು. ಆದ್ದರಿಂದ ನಮ್ಮಲ್ಲಿ ಅನೇಕರಿಗೆ ಹೆಂಚಿನ ಮೇಲೆ ಮಳೆಯ ಸದ್ದು ಜೋರಾದ ಕೂಡಲೇ ಎಚ್ಚರವಾಗುವುದನ್ನು ಬರಿಯ ಕಾಯಿಲೆ ಎಂದು ತಳ್ಳಿಹಾಕಲು ಆಗುವುದಿಲ್ಲ. ಮೊದಲು ಮಾಡಬೇಕಾದದ್ದು ಅಪಾಯ ನಿಜವೇ ಎಂದು ಹಗಲಿನಲ್ಲಿ ನೋಡುವುದು. ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಗುಡ್ಡದಲ್ಲಿ) ಬಿರುಕು ಬಿಟ್ಟಿದ್ದರೆ, ಮರಗಳು ಅಥವಾ ಕಂಬಗಳು ವಾಲಿದ್ದರೆ, ಹಿಂದೆ ನೀರಿಲ್ಲದ ಕಡೆ ಕೆಸರು ನೀರು ಉಕ್ಕುತ್ತಿದ್ದರೆ, ಆಡಳಿತದವರು ಮನೆ ಬಿಡಲು ಹೇಳಿದ್ದರೆ, ಅಲ್ಲಿ ನಿದ್ರೆ ಮಾಡಲು ಪ್ರಯತ್ನಿಸಲೇಬೇಡಿ. ನೆಂಟರ ಮನೆಗೋ ಪರಿಹಾರ ಕೇಂದ್ರಕ್ಕೋ ಹೋಗಿ. ಆ ಎಚ್ಚರ ನಿಮ್ಮನ್ನು ಕಾಯುತ್ತಿದೆ, ಅದಕ್ಕೆ ಚಿಕಿತ್ಸೆ ಬೇಡ.

ಮನೆ ಸುರಕ್ಷಿತ ಜಾಗದಲ್ಲಿದೆ ಎಂದು ಖಚಿತವಾದ ಮೇಲೂ ಎಚ್ಚರ ಹೋಗದಿದ್ದರೆ, ಕಾವಲನ್ನು ಮನಸ್ಸಿನಿಂದ ಹೊರಗಿಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ದಾಖಲೆ, ಔಷಧಿ, ಟಾರ್ಚ್ ಇರುವ ಚೀಲವನ್ನು ಮಳೆಗಾಲದ ಆರಂಭದಲ್ಲೇ ಕಟ್ಟಿ ಬಾಗಿಲ ಬಳಿ ಇಡಿ. ರಾತ್ರಿ ಎಂಟಕ್ಕೆ ಒಮ್ಮೆ ಹವಾಮಾನದ ಮುನ್ಸೂಚನೆ ನೋಡಿ, ನಂತರ ವಾಟ್ಸ್ಆ್ಯಪ್ ಗುಂಪುಗಳನ್ನು ಮುಚ್ಚಿ, ಮೊಬೈಲನ್ನು ನಡುಮನೆಯಲ್ಲಿಟ್ಟು ಕರೆಯ ಗಂಟೆ ಮಾತ್ರ ಕೇಳುವಂತೆ ಮಾಡಿ. ಅಪಾಯವಿದ್ದರೆ ಕರೆ ಮಾಡಿ ಎಬ್ಬಿಸುವಂತೆ ನೆರೆಮನೆಯವರೊಂದಿಗೆ ಮಾತಾಡಿಕೊಳ್ಳಿ. ಆನೆ ಬರುವ ಕಡೆಯವರೂ ಇದೇ ರೀತಿ ಕಾವಲಿನ ಸರದಿ ಹಂಚಿಕೊಂಡರೆ, ಸರದಿಯಿಲ್ಲದ ರಾತ್ರಿಯಾದರೂ ನಿಶ್ಚಿಂತೆಯಿಂದ ಮಲಗಬಹುದು.

ಉಳಿದ ಚಿಂತೆಗಳಿಗೆ ಸಂಜೆ ಕಾಲು ಗಂಟೆ ಮೀಸಲಿಡಿ. ಬ್ಯಾಂಕಿನ ಸಾಲದ ಕಂತು, ಕಾಫಿಯ ಬೆಲೆ, ಬೆಂಗಳೂರಿನಲ್ಲಿರುವ ಮಗಳ ಕೆಲಸ, ಏನೇ ಇರಲಿ, ಒಂದೊಂದನ್ನೂ ಬರೆದು, ಪಕ್ಕದಲ್ಲಿ ನಾಳೆ ಅದಕ್ಕಾಗಿ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಬರೆಯಿರಿ. ಏನೂ ಮಾಡಲಾಗದಿದ್ದರೆ ಹಾಗೆಂದೇ ಬರೆಯಿರಿ. ರಾತ್ರಿ ಅದೇ ಚಿಂತೆ ಎದ್ದು ಬಂದಾಗ, ಅದು ಪುಸ್ತಕದಲ್ಲಿದೆ, ನಾಳೆ ಸಂಜೆ ನೋಡೋಣ ಎಂದು ಹೇಳಿಕೊಳ್ಳಲು ಸಾಧ್ಯವಾಗುತ್ತದೆ.

ಮಾತ್ರೆ ಮತ್ತು ವೈದ್ಯರು

ನನಗೆ ಮೊದಲು ಬರೆದುಕೊಟ್ಟದ್ದು ಹತ್ತು ದಿನದ ಅಲ್‌ಪ್ರಜೋಲಮ್ ಮಾತ್ರೆ. ಚೀಟಿ ಮುಗಿದ ಮೇಲೂ ಅದು ಸಿಗುತ್ತಲೇ ಇತ್ತು. ನಾನು ಹನ್ನೊಂದು ತಿಂಗಳು ನುಂಗಿದೆ. ಒಂದು ದಿನ ಹಠಕ್ಕೆ ಬಿದ್ದು ನಿಲ್ಲಿಸಿದಾಗ ಕೈ ನಡುಗಿ, ಬೆವರಿ, ನಾಲ್ಕು ರಾತ್ರಿ ಕಣ್ಣು ಮುಚ್ಚಲಾಗಲಿಲ್ಲ. ಮಾತ್ರೆಯಿಲ್ಲದೆ ನಾನು ಬದುಕಲಾರೆ ಎಂದುಕೊಂಡೆ. ಅದು ದೇಹ ಮಾತ್ರೆಗೆ ಒಗ್ಗಿಕೊಂಡದ್ದರ ಲಕ್ಷಣವೆಂದು ನಂತರ ಭೇಟಿಯಾದ ಮನೋವೈದ್ಯರು ತಿಳಿಸಿ, ಪ್ರಮಾಣವನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿದರು. ಅಲ್‌ಪ್ರಜೋಲಮ್, ಕ್ಲೋನಾಜಿಪಾಮ್‌ನಂಥ ಮಾತ್ರೆಗಳು ಕೆಲವೇ ವಾರಗಳಲ್ಲಿ ಅವಲಂಬನೆ ತರಬಲ್ಲವು, ವಯಸ್ಸಾದವರಲ್ಲಿ ರಾತ್ರಿ ಬಿದ್ದು ಮೂಳೆ ಮುರಿಯಲು ಕಾರಣವಾಗುತ್ತವೆ, ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸುತ್ತವೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಈ ಬರಹವನ್ನು ಓದಿ ಥಟ್ಟನೆ ನಿಲ್ಲಿಸಬಾರದು. ವೈದ್ಯರ ಬಳಿ ಹೋಗಿ, ಇಳಿಸುವ ಕ್ರಮ ಬರೆಸಿಕೊಂಡು ಬರಬೇಕು.

ಕೆಲವು ಲಕ್ಷಣಗಳಿದ್ದರೆ ಮೇಲಿನ ಕ್ರಮಕ್ಕಿಂತ ಮೊದಲು ಪರೀಕ್ಷೆ ಆಗಬೇಕು. ಜೋರಾದ ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುವುದನ್ನು ಮನೆಯವರು ಕಂಡಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಸಂಜೆಯಾದಂತೆ ಕಾಲಿನಲ್ಲಿ ಏನೋ ಹರಿದಂತಾಗಿ ಕಾಲು ಆಡಿಸದೆ ಇರಲಾಗದಿದ್ದರೆ ದೇಹದ ಕಬ್ಬಿಣಾಂಶವನ್ನು ಪರೀಕ್ಷಿಸಬೇಕು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರು ಸಕ್ಕರೆ ಕಾಯಿಲೆ ಮತ್ತು ಪ್ರಾಸ್ಟೇಟ್ ಗ್ರಂಥಿಯ ಕಡೆ ಗಮನ ಕೊಡಬೇಕು. ನಮ್ಮ ತಂಪು ಹವೆಯಲ್ಲಿ ದಮ್ಮಿಗೆ ಮಾತ್ರೆ ನುಂಗುವವರು ಬಹಳ. ಅವುಗಳಲ್ಲಿ ಕೆಲವದರಲ್ಲಿರುವ ಥಿಯೋಫಿಲಿನ್ ಕೆಫೀನ್‌ಗೆ ಹತ್ತಿರದ ವಸ್ತುವಾದ್ದರಿಂದ, ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳಿ. ಬೆಳಗಿನ ಜಾವ ಎಚ್ಚರವಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಖಿನ್ನತೆಯಾಗಿರಬಹುದು, ಒಂದು ದಿನವೂ ತಡಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಹೆಚ್ಚಿನ ಪರೀಕ್ಷೆ ಬೇಕಾದವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ವೈದ್ಯರ ಬಳಿ ಹೋಗುವಾಗ ಎರಡು ವಾರದ ನಿದ್ರೆಯ ಲೆಕ್ಕವನ್ನು ಜೊತೆಗೆ ಒಯ್ಯಿರಿ.

ಒಮ್ಮೆ ಸರಿಯಾದ ನಿದ್ರೆ ಮತ್ತೆ ಕೆಡುತ್ತದೆ, ಅದಕ್ಕೆ ಸಿದ್ಧರಿರಿ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ, ಕರೆಂಟ್ ಬಂದ ಹೊತ್ತಿಗೆ ಸ್ಪ್ರಿಂಕ್ಲರ್ ಹಾಕಲು ನಡುರಾತ್ರಿ ಏಳಬೇಕಾದ ದಿನಗಳಲ್ಲಿ ನನ್ನ ಲೆಕ್ಕ ಪ್ರತಿವರ್ಷ ತಪ್ಪುತ್ತದೆ. ಅಂಥ ದಿನಗಳಲ್ಲಿ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಒರಗಿ, ನೀರು ಹಾಯಿಸಿ ಮುಗಿದ ಮರುದಿನವೇ ಐದೂವರೆಗೆ ಏಳುವ ಅಭ್ಯಾಸಕ್ಕೆ ಮರಳುತ್ತೇನೆ. ಜೂನ್ ಮೊದಲ ವಾರದ ದೊಡ್ಡ ಮಳೆಗೆ ಮತ್ತೆ ಮಳೆ ಪುಸ್ತಕದಲ್ಲಿ ಗೆರೆ ಎಳೆದು ನಿದ್ರೆಯ ಅಂಕಣ ತೆರೆಯುತ್ತೇನೆ. ಈ ಸಲ ಮೊದಲಿನ ನಿಯಮಕ್ಕಿಂತ ಬಿಗಿಯಾಗಿ, ವಾರದ ದಕ್ಷತೆ 85ಕ್ಕಿಂತ ಇಳಿದರೆ ಮಲಗುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ, ಬೆತ್ತದ ಕುರ್ಚಿಯ ಮೇಲೆ ಕಂಬಳಿ ಮಡಚಿಟ್ಟು, ಮೊರಕ್ಕೆ ಎರಡು ಹಿಡಿ ಮೆಣಸು ಸುರಿದುಕೊಳ್ಳುತ್ತೇನೆ. ಸಾಮಾನ್ಯವಾಗಿ ಎರಡು ವಾರ ಸಾಕಾಗುತ್ತದೆ.